ನಡುವಯಸ್ಸಿನ ವಿದ್ಯಾರ್ಥಿಯೂ ಮಾತನಾಡುವ ಯಂತ್ರವೂ

ವಿದ್ಯೆಗೆ ವಯಸ್ಸಿನ ಕಟ್ಟುಪಾಡಿಲ್ಲವೆಂಬ ಮಾತನ್ನು ನಾವೆಲ್ಲರೂ ಕೇಳಿಯೇ ಇದ್ದೇವೆ. ಅದನ್ನು ನಂಬಿ ನಡೆದವರು ಮಾತ್ರ ಕೆಲವರು. ಓದು ಮುಗಿಸಿ, ಉದ್ಯೋಗ ಹಿಡಿದು, ಸಂಸಾರದ ಭಾರವನ್ನು ಹೊತ್ತ ಮೇಲೆ ಮತ್ತೆ ಪುಸ್ತಕ ಹಿಡಿದು ಕುಳಿತುಕೊಳ್ಳುವುದೆಂದರೆ ನಮ್ಮಲ್ಲಿ ಈಗಲೂ ತುಸು ಸಂಕೋಚದ ಸಂಗತಿಯೇ ಸರಿ. ಹೀಗಿದ್ದರೂ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಶಾಲೆಯ ಉಪಾಧ್ಯಾಯರು, ಬ್ಯಾಂಕಿನ ನೌಕರರು, ಬೇಸಾಯಗಾರರು, ಕಾಡಿನ ಕಾವಲಿನವರು ಇಂಥವರಲ್ಲಿ ಕೆಲವರು ‘ಇಕಾಲಜಿ’ ಎಂದು ಕರೆಯಲಾಗುವ ಜೀವಿಪರಿಸರ ವಿಜ್ಞಾನವನ್ನು ಕ್ರಮವಾಗಿ ಕಲಿಯಬೇಕೆಂದು ಮನಸ್ಸು ಮಾಡುತ್ತಿರುವುದನ್ನು ಕಂಡಿದ್ದೇನೆ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾನೂ, ಮೂವತ್ತು ದಾಟಿದ ಮೇಲೆ, ಈ ಶಾಸ್ತ್ರದ ಪಠ್ಯಗಳನ್ನು ಓದತೊಡಗಿದವರ ಗುಂಪಿಗೆ ಸೇರಿದವನು. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾನಿಲಯ, 2017ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಸ್ವಯಂ’ ಪಾಠಮಾಲೆ ಮೊದಲಾದುವು ಇಂಥವರಿಗೆ ದಾರಿಯನ್ನು ಸುಗಮಗೊಳಿಸಿವೆ.

ಈಗ ಈ ವಿದ್ಯಾರ್ಥಿಯ ಕೈಯಲ್ಲಿ ಇನ್ನೊಂದು ಸಾಧನವೂ ಬಂದಿದೆ. 2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಎಂಬ ಸಂಭಾಷಣಾ ಯಂತ್ರವು ಸಾರ್ವಜನಿಕರ ಬಳಕೆಗೆ ಬಂದಿತು. ಅದರ ಬೆನ್ನಿಗೇ ಅದರಂತಹ ಹಲವು ಯಂತ್ರಗಳು ಬಂದುವು. ಕೇಳಿದ ಪ್ರಶ್ನೆಗೆ ಕ್ಷಣಮಾತ್ರದಲ್ಲಿ, ಬೇಕಾದ ಭಾಷೆಯಲ್ಲಿ, ಎಳ್ಳಷ್ಟೂ ಬೇಸರಿಸದೆ ಅವು ಉತ್ತರ ಕೊಡುತ್ತವೆ. ಹೀಗಿರಲಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಎಲ್ಲವನ್ನೂ ಹೇಳಬಲ್ಲ ಯಂತ್ರವಿರುವಾಗ ನಲವತ್ತರ ಹೊಸ್ತಿಲಲ್ಲಿ ನಿಂತವನು ಕಷ್ಟಪಟ್ಟು ಕಲಿಯುವುದಾದರೂ ಏತಕ್ಕೆ? ಕಲಿಯುವುದೇ ಆದರೆ ಆ ಯಂತ್ರವನ್ನು ಎಷ್ಟರಮಟ್ಟಿಗೆ ನೆಚ್ಚಬಹುದು? ಈ ಲೇಖನದಲ್ಲಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡಲು ಯತ್ನಿಸುತ್ತೇನೆ. ಸಂಗ್ರಹವಾಗಿ ಹೇಳುವುದಾದರೆ, ಯಂತ್ರವು ಪಾಠ ಹೇಳುವವನಿಗೆ ಸಹಾಯಕನಾಗಬಲ್ಲುದು, ಆದರೆ ಸಾಕ್ಷಿಯಾಗಲಾರದು; ಈ ಶಾಸ್ತ್ರವೋ ಸಾಕ್ಷಿಗಳ ಮೇಲೆಯೇ ನಿಂತಿರುವಂಥದು.

ಮೊದಲಿಗೆ, ತಡವಾಗಿ ಬಂದವರಿಗೆ ಈ ಶಾಸ್ತ್ರದಲ್ಲಿ ಎಡೆಯುಂಟೆ ಎಂಬುದನ್ನು ನೋಡೋಣ. ‘ಇಕಾಲಜಿ’ ಎಂಬ ಪದವನ್ನು 1866ರಲ್ಲಿ ಟಂಕಿಸಿದವನು ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್. ಮನೆ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ ಪದವದು. ಜೀವಿಗಳಿಗೂ ಅವುಗಳ ನೆಲೆಗೂ ಇರುವ ಸಂಬಂಧದ ಅಧ್ಯಯನವೆಂಬುದು ಅದರ ತಾತ್ಪರ್ಯ. ಈ ಶಾಸ್ತ್ರದ ಅಡಿಗಲ್ಲುಗಳಲ್ಲಿ ಕೆಲವನ್ನು ಇಟ್ಟವರು ಬೇರೆ ಶಾಸ್ತ್ರಗಳಿಂದ ಬಂದವರೇ. ಇಟಲಿಯ ಗಣಿತಜ್ಞ ವೀಟೋ ವೋಲ್ಟೆರಾನಿಗೆ ಅರುವತ್ತೈದು ವರ್ಷವಾಗಿದ್ದಾಗ, ಕಡಲಜೀವಿಗಳ ತಜ್ಞನಾಗಿದ್ದ ಅಳಿಯನು ಅವನ ಮುಂದೆ ಒಂದು ಒಗಟನ್ನಿಟ್ಟನು: ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೀನುಗಾರಿಕೆ ತಗ್ಗಿದ್ದಾಗ ಏಡ್ರಿಯಾಟಿಕ್ ಕಡಲಿನಲ್ಲಿ ಇತರ ಮೀನುಗಳನ್ನು ತಿನ್ನುವ ಮೀನುಗಳ ಪ್ರಮಾಣ ಏಕೆ ಹೆಚ್ಚಿತು? ಇದಕ್ಕೆ ಉತ್ತರವಾಗಿ 1926ರಲ್ಲಿ ಪ್ರಕಟವಾದ ಸಮೀಕರಣಗಳು ಇಂದಿಗೂ ಈ ವಿಷಯದ ಪ್ರತಿ ಪಠ್ಯದಲ್ಲಿಯೂ ಇವೆ. ಆಸ್ಟ್ರೇಲಿಯಾದ ರಾಬರ್ಟ್ ಮೇ ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮೂವತ್ತೈದರ ಆಸುಪಾಸಿನಲ್ಲಿ ಇತ್ತ ತಿರುಗಿದವನು. ಅತಿ ಸರಳವಾದ ಸಮೀಕರಣವೊಂದು ಜೀವಿಸಂಖ್ಯೆಯಲ್ಲಿ ಎಂತಹ ಊಹಾತೀತ ಏರಿಳಿತಗಳನ್ನು ಹುಟ್ಟಿಸಬಲ್ಲುದೆಂಬುದನ್ನು 1976ರ ಅವನ ಪ್ರಬಂಧ ತೋರಿಸಿಕೊಟ್ಟಿತು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಕರ್ನಾಟಕದ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಪದವಿ ಪಡೆದು, ಕೆಲಕಾಲ ಬೇಸಾಯವನ್ನೂ ಮಾಡಿ, ಬಳಿಕ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ವನ್ಯಜೀವಿಗಳ ವಿಷಯವಾಗಿ ಸ್ನಾತಕೋತ್ತರ ಪದವಿ ಗಳಿಸಿದ್ದು 1988ರಲ್ಲಿ. ಆಗ ಅವರಿಗೆ ನಲವತ್ತು ವರ್ಷ. ಮಂಗಳೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಬಂದುದು 1993ರಲ್ಲಿ. ನಾಗರಹೊಳೆಯಲ್ಲಿ ಕ್ಯಾಮೆರಾಗಳನ್ನಿಟ್ಟು ಹುಲಿಗಳ ಮೈಮೇಲಿನ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ ಎಣಿಕೆ ಮಾಡುವ ವಿಧಾನವನ್ನು ಬಳಕೆಗೆ ತಂದವರು ಅವರು. ಆದುದರಿಂದ ವಯಸ್ಸಾಯಿತೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಾದುದಿಲ್ಲ.

ಆದರೆ ಇವರೆಲ್ಲರಿಗೂ ಒಳ್ಳೆಯ ಗ್ರಂಥಾಲಯ, ಒಳ್ಳೆಯ ಒಡನಾಡಿಗಳು ಇದ್ದರು. ಗುಂಡ್ಲುಪೇಟೆಯ ಉಪಾಧ್ಯಾಯನಿಗೆ ಅವು ಸುಲಭವಾಗಿ ಒದಗತಕ್ಕವಲ್ಲ. ಹಗಲೆಲ್ಲ ಶಾಲೆ, ಸಂಜೆ ಮನೆಗೆಲಸ, ರಾತ್ರಿ ಹತ್ತು ಗಂಟೆಗೆ ಪುಸ್ತಕ. ಪುಸ್ತಕವಿರುವುದು ಇಂಗ್ಲಿಷಿನಲ್ಲಿ; ಹದಿನೈದು ವರ್ಷಗಳ ಹಿಂದೆ ಕಲಿತ ಸಂಖ್ಯಾಶಾಸ್ತ್ರ ಮರೆತುಹೋಗಿದೆ; ಕೇಳೋಣವೆಂದರೆ ಹತ್ತಿರದಲ್ಲಿ ಬಲ್ಲವರಿಲ್ಲ. ಇಂತಹವನಿಗೆ ಸಂಭಾಷಣಾ ಯಂತ್ರವು ನಿಜವಾಗಿಯೂ ದೊಡ್ಡ ಉಪಕಾರವನ್ನು ಮಾಡಬಲ್ಲುದು. ಕಠಿನವಾದ ಪ್ರಬಂಧವೊಂದರ ಸಾರವನ್ನು ಕನ್ನಡದಲ್ಲಿ ಹೇಳುತ್ತದೆ; ವೋಲ್ಟೆರಾನ ಸಮೀಕರಣವನ್ನು ಹತ್ತು ಬಗೆಯಲ್ಲಿ ವಿವರಿಸುತ್ತದೆ; ದಡ್ಡ ಪ್ರಶ್ನೆಯೆಂದು ನಗುವುದಿಲ್ಲ. ಹತ್ತು ಜನರೆದುರು ಸಂದೇಹ ಕೇಳಲು ನಾಚುವ ನಡುವಯಸ್ಸಿನವನಿಗೆ ಈ ಕೊನೆಯ ಗುಣವು ಸಾಮಾನ್ಯವಾದುದಲ್ಲ. ಯಂತ್ರವನ್ನು ಮುಟ್ಟಲೇಬಾರದೆಂದು ಹೇಳುವವರ ಪಕ್ಷ ನನ್ನದಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ.

ಇನ್ನು ಯಂತ್ರದ ಮಿತಿಯನ್ನು ತಿಳಿಯಬೇಕಾದರೆ ಅದು ಕೆಲಸ ಮಾಡುವ ಕ್ರಮವನ್ನು ಸ್ವಲ್ಪಮಟ್ಟಿಗಾದರೂ ಅರಿಯಬೇಕು. ಮನುಷ್ಯರು ಬರೆದಿಟ್ಟ ಅಪಾರವಾದ ಬರವಣಿಗೆಯನ್ನು ಅದಕ್ಕೆ ಉಣಿಸಿರುತ್ತಾರೆ. ಯಾವ ಪದಗಳ ಬಳಿಕ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಅದು ಆ ಬರವಣಿಗೆಯಿಂದ ಕಲಿಯುತ್ತದೆ. ಪ್ರಶ್ನೆ ಕೇಳಿದಾಗ, ಕಲಿತ ಸಂಭಾವ್ಯತೆಗಳಿಗೆ ಅನುಗುಣವಾಗಿ ಒಂದೊಂದೇ ಪದದ ತುಣುಕನ್ನು ಜೋಡಿಸುತ್ತ ಉತ್ತರವನ್ನು ಕಟ್ಟುತ್ತದೆ. ಇತ್ತೀಚಿನ ಯಂತ್ರಗಳು ಅಂತರಜಾಲದಲ್ಲಿ ಹುಡುಕಿ ನೋಡಿಯೂ ಹೇಳಬಲ್ಲುವು. ಆದರೆ ಹುಡುಕಿದರೂ ಸಿಗುವುದು ಯಾರೋ ಒಬ್ಬರು ಬರೆದಿಟ್ಟುದು ಮಾತ್ರವೇ. ಬರೆದುದು ಹೇರಳವಾಗಿರುವ ವಿಷಯದಲ್ಲಿ ಉತ್ತರ ಚೆನ್ನಾಗಿರುತ್ತದೆ. ವಿರಳವಾದೆಡೆಯಲ್ಲಿಯೂ ಯಂತ್ರವು ಬಹುಮಟ್ಟಿಗೆ ಅದೇ ಧೈರ್ಯದ ಧಾಟಿಯಲ್ಲಿಯೇ ಮಾತನಾಡುತ್ತದೆ. ಇಲ್ಲದ ಪ್ರಬಂಧಗಳನ್ನೂ ಇಲ್ಲದ ಲೇಖಕರನ್ನೂ ಅದು ಆಧಾರವಾಗಿ ಹೆಸರಿಸಿದ ನಿದರ್ಶನಗಳು ಲೋಕದಲ್ಲಿ ಈಗಾಗಲೇ ಸಾಕಷ್ಟಾಗಿವೆ.

ಭೌತಶಾಸ್ತ್ರಕ್ಕೂ ಜೀವಿಪರಿಸರ ವಿಜ್ಞಾನಕ್ಕೂ ಇರುವ ಮುಖ್ಯವಾದ ಒಂದು ಭೇದವನ್ನು ಈ ಸಂದರ್ಭದಲ್ಲಿ ಗಮನಿಸಬೇಕು. ಚಾಮರಾಜನಗರದ ಪ್ರಯೋಗಶಾಲೆಯಲ್ಲಿ ತೂಗುವ ಒಂದು ಮೀಟರ್ ಉದ್ದದ ಲೋಲಕವು ಹೆಚ್ಚುಕಡಮೆ ಎರಡು ಸೆಕೆಂಡುಗಳಲ್ಲಿ ಒಂದು ಆಂದೋಲನವನ್ನು ಮುಗಿಸುತ್ತದೆ. ಲಂಡನ್ನಿನಲ್ಲಿಯೂ ಅಷ್ಟೆ. ಗುರುತ್ವದಲ್ಲಿ ಅತ್ಯಲ್ಪವಾದ ವ್ಯತ್ಯಾಸವುಂಟು. ಅದನ್ನೂ ಅಕ್ಷಾಂಶ ಮತ್ತು ಎತ್ತರಗಳಿಂದ ಲೆಕ್ಕ ಹಾಕಿಬಿಡಬಹುದು. ಆದುದರಿಂದ ಲೋಲಕದ ವಿಷಯವಾಗಿ ಎಲ್ಲಿಯೋ ಬರೆದ ಪುಸ್ತಕ ನಮ್ಮೂರಿಗೂ ಸಲ್ಲುತ್ತದೆ. ಆ ಪುಸ್ತಕವನ್ನುಂಡ ಯಂತ್ರದ ಉತ್ತರವೂ ಸಲ್ಲುತ್ತದೆ. ಕಾಡಿನ ವಿಷಯ ಹಾಗಲ್ಲ. ಅಲ್ಲಿ ಮಣ್ಣು, ಮಳೆ, ಬೆಂಕಿ, ದನ, ಮನುಷ್ಯ ಇವೆಲ್ಲದರ ಹಿಂದಿನ ಚರಿತ್ರೆಯೂ ಇಂದಿನ ಸ್ಥಿತಿಯಲ್ಲಿ ಬೆರೆತಿರುತ್ತದೆ. ಒಂದು ಕಾಡಿಗೆ ಸಲ್ಲುವ ಮಾತು ಪಕ್ಕದ ಕಾಡಿಗೆ ಸಲ್ಲದೆ ಹೋಗಬಹುದು.

ಮಳೆಯನ್ನೇ ತೆಗೆದುಕೊಳ್ಳಿ. ಭಾರತದ ಮಳೆಗಾಲವೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಗುಂಡ್ಲುಪೇಟೆ, ಚಾಮರಾಜನಗರಗಳು ಬೆಟ್ಟಗಳ ಮಳೆನೆರಳಿನಲ್ಲಿರುವ ಊರುಗಳು. ಇಲ್ಲಿ ಮುಂಗಾರಿಗೆ ಮೊದಲು ಮೇ ತಿಂಗಳಿನಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಮತ್ತೊಮ್ಮೆ ಮಳೆ ಮೇಲೇರುತ್ತದೆ. ನಡುವೆ ಮೋಡ ಹಾದುಹೋಗುವುದೇ ಹೆಚ್ಚು. ಮರ ಚಿಗುರುವುದು, ಗೆದ್ದಲಿಗೆ ರೆಕ್ಕೆ ಬರುವುದು, ಕಪ್ಪೆ ಕೂಗುವುದು ಎಲ್ಲವೂ ಈ ಲೆಕ್ಕವನ್ನು ಅನುಸರಿಸುತ್ತವೆಯೇ ಹೊರತು ಪುಸ್ತಕದ ಲೆಕ್ಕವನ್ನಲ್ಲ.

ಇದಕ್ಕಿಂತಲೂ ಗಂಭೀರವಾದ ನಿದರ್ಶನ ಬಿಳಿಗಿರಿರಂಗನ ಬೆಟ್ಟದ್ದು. ಅಮೆರಿಕದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ತಂದ ಲಂಟಾನ ಇಂದು ನಮ್ಮ ಕಾಡುಗಳನ್ನೆಲ್ಲ ಕವಿದಿರುವುದು ಸರ್ವವಿದಿತ. ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು ಬೆಟ್ಟದ ಕಾಡಿನಲ್ಲಿ ಗೊತ್ತುಮಾಡಿದ ತಾಕುಗಳನ್ನು 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಪರೀಕ್ಷಿಸಿದರು. ಮೊದಲ ಸಲ ಶೇಕಡ 41ರಷ್ಟು ತಾಕುಗಳಲ್ಲಿದ್ದ ಲಂಟಾನ ಎರಡನೆಯ ಸಲಕ್ಕೆ ಶೇಕಡ 81ರಷ್ಟು ತಾಕುಗಳಿಗೆ ಹಬ್ಬಿತ್ತು. 1997ರಲ್ಲಿ ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನದ್ದಾಗಿದ್ದರೆ, 2008ರಲ್ಲಿ ಮೂರರಲ್ಲಿ ಒಂದು ಅದರದಾಗಿತ್ತು. ಇದಕ್ಕೇನು ಕಾರಣ? ಬೆಂಕಿ ಬಿದ್ದೆಡೆಯಲ್ಲಿ ಲಂಟಾನ ಬೆಳೆಯುತ್ತದೆ, ಲಂಟಾನ ಬೆಳೆದೆಡೆಯಲ್ಲಿ ಬೆಂಕಿ ಹೆಚ್ಚುತ್ತದೆ, ಹೀಗೆ ಇದೊಂದು ಚಕ್ರವೆಂಬ ಊಹೆಯನ್ನು 2005ರಲ್ಲಿ ಇಬ್ಬರು ವಿಜ್ಞಾನಿಗಳು ಮುಂದಿಟ್ಟಿದ್ದರು. ಬೆಟ್ಟದ ಸೋಲಿಗರು ಹೇಳಿದ್ದು ಬೇರೆ. ಬೇಸಗೆ ಬಲಿಯುವ ಮುನ್ನವೇ ನೆಲದ ಮೇಲಿನ ಒಣಗಿದೆಲೆಗಳಿಗೆ ಹಚ್ಚುತ್ತಿದ್ದ ಸಣ್ಣ ಬೆಂಕಿಗೆ ಅವರು ‘ತರಗು ಬೆಂಕಿ’ ಎನ್ನುತ್ತಾರೆ. ಅದು ಎಳೆಯ ಲಂಟಾನವನ್ನು ಸುಡುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಎದ್ದಿತು ಎಂಬುದು ಅವರ ವಾದ. ಇಲ್ಲಿ ಮೆಚ್ಚತಕ್ಕ ಸಂಗತಿಯೆಂದರೆ, 2005ರ ಊಹೆಯನ್ನು ಮಂಡಿಸಿದವರೇ ಸೋಲಿಗರ ಬಳಿ ಹೋಗಿ, ಕೇಳಿ, ಅವರ ವಿವರಣೆಯನ್ನು 2012ರಲ್ಲಿ ಪ್ರಬಂಧವಾಗಿ ಪ್ರಕಟಿಸಿದುದು.

ಈಗ ಯಂತ್ರವನ್ನು ‘ಬೆಂಕಿಯಿಂದ ಲಂಟಾನ ಹೆಚ್ಚುತ್ತದೆಯೋ ಕಡಮೆಯಾಗುತ್ತದೆಯೋ’ ಎಂದು ಕೇಳಿದರೆ ಅದು ಲೋಕದ ಬರವಣಿಗೆಯನ್ನೆಲ್ಲ ಕಲಸಿ ಒಂದು ಸರಾಸರಿ ಉತ್ತರವನ್ನು ಕೊಡಬಹುದು. ಯಾವ ತಿಂಗಳ ಬೆಂಕಿ, ಎಷ್ಟು ಎತ್ತರದ ಜ್ವಾಲೆ, ಎಷ್ಟು ವರ್ಷಕ್ಕೊಮ್ಮೆ, ಲಂಟಾನ ಎಳೆಯದೋ ಬಲಿತದ್ದೋ ಎಂಬ ಪ್ರಶ್ನೆಗಳನ್ನು ಕೇಳಲು ತಿಳಿದವನಿಗೆ ಮಾತ್ರ ಆ ಉತ್ತರದ ಬೆಲೆ ತಿಳಿದೀತು. ಆ ಪ್ರಶ್ನೆಗಳು ಹುಟ್ಟುವುದು ಕಾಡನ್ನು ಕಂಡವನಲ್ಲಿ, ಅಥವಾ ಕಂಡವರ ಬಳಿ ಕುಳಿತು ಕೇಳಿದವನಲ್ಲಿ.

ಇಂತಹುದೇ ಇನ್ನೊಂದು ನಿದರ್ಶನ ನಮ್ಮ ಹೊಲಗಳದು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರರು 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳ ಆನೆಗಳನ್ನು ಅಭ್ಯಸಿಸಿದರು. ಆನೆ ಏಕೆ ರಾಗಿಯ ಹೊಲಕ್ಕೆ ನುಗ್ಗುತ್ತದೆ? ಕಾಡು ನಾಶವಾದುದರಿಂದ ಎಂಬುದು ಸಿದ್ಧ ಉತ್ತರ. ಅದರಲ್ಲಿ ಸತ್ಯವೂ ಉಂಟು. ಆದರೆ ಸುಕುಮಾರರು ರಾತ್ರಿಗಳನ್ನು ಹೊಲದ ಬದಿಯಲ್ಲಿ ಕಳೆದು, ಹುಲ್ಲನ್ನೂ ಪೈರನ್ನೂ ವಿಶ್ಲೇಷಿಸಿ ಕಂಡುಕೊಂಡುದು ಇನ್ನೂ ಸೂಕ್ಷ್ಮವಾದುದು: ಹೊಲಕ್ಕೆ ಬರುವುದರಲ್ಲಿ ಬೆಳೆದ ಗಂಡಾನೆಗಳು ಹೆಣ್ಣಾನೆಗಳ ಹಿಂಡಿಗಿಂತ ಬಹಳ ಮುಂದು, ಕಾಡಿನ ಹುಲ್ಲಿಗಿಂತ ಪೈರಿನಲ್ಲಿ ಪೌಷ್ಟಿಕಾಂಶಗಳು ಅಧಿಕ. ಪ್ರಾಣಾಪಾಯಕ್ಕೆ ಅಂಜದೆ ಗಂಡಾನೆ ಬರುವುದು ಈ ಲಾಭಕ್ಕಾಗಿ. ಬೇಲಿ ಎಲ್ಲಿ ಹಾಕಬೇಕು, ಯಾವ ಕಾಲದಲ್ಲಿ ಕಾವಲಿರಬೇಕು ಎಂಬ ತೀರ್ಮಾನಗಳೆಲ್ಲ ಇಂತಹ ಜ್ಞಾನವನ್ನು ಅವಲಂಬಿಸಿವೆ. ಇಂದು ಯಂತ್ರವು ಇದನ್ನು ಹೇಳಬಲ್ಲುದಾದರೆ, ಅಂದು ಒಬ್ಬರು ನಿದ್ದೆಗೆಟ್ಟುದರಿಂದ.

ಲೆಕ್ಕದ ವಿಷಯದಲ್ಲಿಯೂ ಇದೇ ಮಾತು. ಒಂದು ಕೆರೆಯಲ್ಲಿ ಎಷ್ಟು ಮೀನುಗಳಿವೆಯೆಂದು ತಿಳಿಯಬೇಕು. 40 ಮೀನುಗಳನ್ನು ಹಿಡಿದು, ಗುರುತು ಮಾಡಿ ಬಿಟ್ಟೆವು. ಕೆಲವು ದಿನಗಳ ಬಳಿಕ 50 ಮೀನುಗಳನ್ನು ಹಿಡಿದರೆ ಅವುಗಳಲ್ಲಿ 10ಕ್ಕೆ ಗುರುತಿತ್ತು. ಐದರಲ್ಲಿ ಒಂದಕ್ಕೆ ಗುರುತಿರುವುದರಿಂದ ಒಟ್ಟು 40ರ ಐದುಪಟ್ಟು, ಅಂದರೆ 200 ಮೀನುಗಳಿರಬೇಕು. ಹುಲಿಯ ಎಣಿಕೆಗೂ ಇದೇ ತತ್ತ್ವವು ತಳಹದಿ. ಗುರುತನ್ನು ಪ್ರಕೃತಿಯೇ ಪಟ್ಟೆಯ ರೂಪದಲ್ಲಿ ಬರೆದಿದೆ. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂದು ಬಯಲಾದ ಮೇಲೆ, ಹೆಜ್ಜೆಗುರುತಿನ ಹಳೆಯ ಎಣಿಕೆಯನ್ನು ಕೈಬಿಟ್ಟು, 2006ರಿಂದ ದೇಶದ ಗಣತಿಯಲ್ಲಿ ಈ ಮಾರ್ಗವನ್ನು ಬಳಸತೊಡಗಿದರು. ಸೂತ್ರವನ್ನು ಯಂತ್ರವು ಸೊಗಸಾಗಿ ವಿವರಿಸುತ್ತದೆ. ಆದರೆ ಎರಡು ಬಲೆಗಳ ನಡುವೆ ಕೆರೆಗೆ ಹೊಸ ನೀರು ಬಂದಿತೆ, ಗುರುತು ಕಳಚಿತೆ, ಒಮ್ಮೆ ಸಿಕ್ಕಿಬಿದ್ದ ಮೀನು ಬಲೆಗೆ ಅಂಜತೊಡಗಿತೆ ಎಂಬುದು ಸೂತ್ರದಲ್ಲಿಲ್ಲ, ಕೆರೆಯಲ್ಲಿದೆ. ಅಲ್ಲಿ ತಪ್ಪಿದರೆ 200 ಎಂಬ ಸಂಖ್ಯೆಗೆ ಅರ್ಥವೇ ಇಲ್ಲ.

ಇನ್ನು ಭಾಷೆಯ ಮಾತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅರುವತ್ತು ಲಕ್ಷಕ್ಕೂ ಮಿಗಿಲಾದ ಲೇಖನಗಳಿರುವಾಗ ಕನ್ನಡದಲ್ಲಿರುವುದು ಮೂವತ್ತು ಸಾವಿರಕ್ಕೆ ಮೇಲೆ ಕೆಲವು ಮಾತ್ರ. ಯಂತ್ರವು ಉಂಡ ಕನ್ನಡವೂ ಇದೇ ರೀತಿ ಅಲ್ಪವಾದುದು. ಅದರಲ್ಲಿ ಚಾಮರಾಜನಗರದ ಕಾಡು, ಕೆರೆ, ಹೊಲಗಳ ವಿಷಯ ಎಷ್ಟಿದ್ದೀತು? ನೆಲ್ಲಿಮರವನ್ನು ಹೀರುವ ಬಂದಳಿಕೆಗೆ ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ತರಗು ಬೆಂಕಿ ನಿಂತುದರಿಂದಲೇ ಉಪ್ಪಿಲು ಹೆಚ್ಚಿತೆಂದೂ ಹೇಳುತ್ತಾರೆ. ಇಂತಹ ಮಾತುಗಳು ವಿದ್ವಾಂಸರ ಇಂಗ್ಲಿಷ್ ಪ್ರಬಂಧಗಳ ಮೂಲಕ ಹೊರಲೋಕಕ್ಕೆ ತಿಳಿದಿವೆ. ಕನ್ನಡದಲ್ಲಿ ಬರೆದಿಟ್ಟುದು ಬಲು ಕಡಮೆ. ಅಲ್ಲಿ ಇನ್ನೂ ತಿಳಿಯದುದು ಎಷ್ಟಿದೆಯೆಂಬುದಕ್ಕೆ ಒಂದು ಸಾಕ್ಷಿ: ಬಿಳಿಗಿರಿರಂಗನ ಬೆಟ್ಟದಲ್ಲಿ ದೊರೆತ ಕಣಜವೊಂದು ವಿಜ್ಞಾನಕ್ಕೆ ಹೊಸ ಕುಲದ್ದೆಂದು ಕಂಡುಬಂದು, 2022ರಲ್ಲಿ ಅದಕ್ಕೆ ‘ಸೋಲಿಗ’ ಎಂಬ ಹೆಸರನ್ನೇ ಇಟ್ಟರು. ಅದುವರೆಗೆ ಯಾವ ಪುಸ್ತಕದಲ್ಲಿಯೂ ಇಲ್ಲದ ಪ್ರಾಣಿಯನ್ನು ಯಾವ ಯಂತ್ರ ತಾನೆ ಹೇಳೀತು?

ಈ ಮಾತುಗಳನ್ನು ಕೇವಲ ಪಾಂಡಿತ್ಯದ ಚರ್ಚೆಯೆಂದು ಭಾವಿಸಬಾರದು. 2011ರಲ್ಲಿ ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ, ಅಲ್ಲಿನ ಸೋಲಿಗರ ಸಮುದಾಯದ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಜೇನು ಎಷ್ಟು ತೆಗೆಯಬಹುದು, ನೆಲ್ಲಿ ಎಷ್ಟು ಬಿಡಿಸಬಹುದು, ಲಂಟಾನವನ್ನು ಎಲ್ಲಿ ಕೀಳಬೇಕು, ತರಗಿಗೆ ಬೆಂಕಿ ಹಚ್ಚಬಹುದೋ ಬಾರದೋ ಎಂಬ ಪ್ರಶ್ನೆಗಳು ದಿನದಿನವೂ ಏಳುತ್ತವೆ. ಅವುಗಳಿಂದ ಜನರ ಅನ್ನವೂ ಕಾಡಿನ ಅಳಿವು ಉಳಿವೂ ನಿರ್ಧಾರವಾಗುತ್ತವೆ. ನಾಳೆ ಇವುಗಳ ಮೇಲೆ ವರದಿ ಬರೆಯತಕ್ಕವರು ಇಂದು ಈ ಶಾಸ್ತ್ರವನ್ನು ಕಲಿಯುತ್ತಿರುವವರೇ. ಅವರು ಯಂತ್ರದಿಂದ ಬರೆಯಿಸಿದ ಪ್ರಬಂಧವನ್ನೊಪ್ಪಿಸಿ ಪದವಿ ಪಡೆದರೆ, ಕಣ್ಣಿಲ್ಲದ ವರದಿಗಳು ಹುಟ್ಟುತ್ತವೆ. ಆ ವರದಿಗಳನ್ನು ಮತ್ತೆ ಯಂತ್ರಗಳು ಉಣ್ಣುತ್ತವೆ. ಯಾರೂ ನೋಡದೆ ಇದ್ದುದು ಎಲ್ಲರೂ ಬಲ್ಲ ಸಂಗತಿಯಾಗಿಬಿಡುತ್ತದೆ. ನನ್ನ ಭಯ ಇದು.

ಇದಕ್ಕೆ ಪರಿಹಾರವು ಯಂತ್ರದ ನಿಷೇಧವಲ್ಲ. ಪರೀಕ್ಷೆಯ ಕ್ರಮವನ್ನು ಬದಲಾಯಿಸುವುದು. ದೂರಶಿಕ್ಷಣದಲ್ಲಿ ಮನೆಯಿಂದ ಬರೆದು ಕಳುಹಿಸುವ ಪ್ರಬಂಧಗಳಿಗೆ ಅಂಕ ಕೊಡುವ ಪದ್ಧತಿ ಈ ಕಾಲದಲ್ಲಿ ಅರ್ಥ ಕಳೆದುಕೊಂಡಿದೆ. ಅದರ ಬದಲಿಗೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿರುವ ಒಂದು ಎಡೆಯನ್ನು, ಅದು ಕೆರೆಯಾಗಲಿ, ಬೇಲಿಸಾಲಾಗಲಿ, ಗೋಮಾಳವಾಗಲಿ, ಒಂದು ವರ್ಷ ಬಿಡದೆ ಗಮನಿಸಿ ಬರೆದ ದಿನಚರಿಗೆ ಅರ್ಧದಷ್ಟಾದರೂ ಅಂಕಗಳನ್ನು ಮೀಸಲಿಡಬೇಕು. ಪರೀಕ್ಷಕರು ಆ ಎಡೆಯಲ್ಲಿಯೇ ನಿಂತು, ಕನ್ನಡದಲ್ಲಿ, ಬಾಯಿಮಾತಿನ ಪರೀಕ್ಷೆ ನಡೆಸಬೇಕು. ಅರ್ಹವಾದ ದಿನಚರಿಗಳನ್ನು ಸಾರ್ವಜನಿಕರಿಗೆ ದೊರಕುವಂತೆ ಪ್ರಕಟಿಸಬೇಕು. ಸೋಲಿಗರಂತಹ ಸಮುದಾಯಗಳ ತಿಳಿವಳಿಕೆಯನ್ನು ಬರೆದುಕೊಳ್ಳುವಾಗ ಅವರ ಒಪ್ಪಿಗೆಯಿಂದ, ಅವರ ಹೆಸರಿನಲ್ಲಿಯೇ ಬರೆಯಬೇಕು. ಆ ಸಮುದಾಯದಲ್ಲಿಯೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂತಹ ಸಂಶೋಧಕರು ಈ ಕೆಲಸಕ್ಕೆ ಮೇಲ್ಪಂಕ್ತಿಯಾಗಿದ್ದಾರೆ.

ಇದು ಖರ್ಚಿನ ಕೆಲಸ, ಅಷ್ಟು ಪರೀಕ್ಷಕರು ಎಲ್ಲಿಂದ ಬರಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ತಾಲ್ಲೂಕಿಗೊಂದು ಕಾಲೇಜಿದೆ, ಅಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಅಧ್ಯಾಪಕರಿದ್ದಾರೆ. ಅವರಿಗೆ ಈ ಹೊಣೆಯನ್ನು ವಹಿಸಬಹುದು. ಪಕ್ಷಿಯ ದನಿಯನ್ನು ಕೇಳಿ, ಗಿಡದ ಚಿತ್ರವನ್ನು ನೋಡಿ ಯಂತ್ರವೇ ಹೆಸರು ಹೇಳುತ್ತಿರುವಾಗ ಮನುಷ್ಯನ ಕಣ್ಣೇಕೆಂದು ಇನ್ನು ಕೆಲವರು ಕೇಳಬಹುದು. ಹೆಸರು ಹೇಳುವುದು ಬೇರೆ. ಯಾವ ದಿನ, ಎಲ್ಲಿ, ಎಷ್ಟು ಹೊತ್ತು ನೋಡಿ, ಏನು ಕಂಡಿತು, ಏನು ಕಾಣಲಿಲ್ಲ ಎಂದು ದಾಖಲಿಸುವುದು ಬೇರೆ. ಏನೂ ಕಾಣದ ದಿನದ ಸೊನ್ನೆಯೂ ಈ ಶಾಸ್ತ್ರದಲ್ಲಿ ಒಂದು ಮಾಪನವೇ. ಸೊನ್ನೆಗಳನ್ನು ಬರೆಯುವ ತಾಳ್ಮೆ, ಒಂದೇ ಊರಿನಲ್ಲಿ ನೆಲೆಸಿದ ನಡುವಯಸ್ಸಿನವನಿಗೆ ಇರುವಷ್ಟು ಊರೂರು ಅಲೆಯುವ ತರುಣನಿಗಿರುವುದು ಅಪರೂಪ.

ಆದುದರಿಂದ ಈ ಶಾಸ್ತ್ರಕ್ಕೆ ಕಾಲಿಡಬಯಸುವ ನನ್ನ ಸಮವಯಸ್ಕರಲ್ಲಿ ಒಂದು ವಿನಂತಿ. ಮೊದಲು ನೋಡಿರಿ, ಬರೆಯಿರಿ, ಎಣಿಸಿರಿ. ನಿಮ್ಮದೇ ಆದ ಊಹೆಯೊಂದನ್ನು ಕಾಗದದ ಮೇಲೆ ಇಡಿರಿ. ಆ ಬಳಿಕ ಯಂತ್ರವನ್ನು ಕೇಳಿರಿ. ಅದು ಹೆಸರಿಸಿದ ಪ್ರಬಂಧ ನಿಜವಾಗಿ ಉಂಟೆ ಎಂಬುದನ್ನು ಹುಡುಕಿ ಓದಿದಲ್ಲದೆ ಒಪ್ಪಬೇಡಿರಿ. ಬಂಡೀಪುರದ ಒಳಗೆ ಹೋಗಲು ಅನುಮತಿ ಬೇಕು. ಗುಂಡ್ಲುಪೇಟೆಯ ರಸ್ತೆಯಂಚಿನ ಹುಣಸೆಗೂ ಹೊಂಗೆಗೂ ಅದು ಬೇಕಿಲ್ಲ. ಒಂದು ಹೊಂಗೆಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನೂ ಆ ವಾರ ಬಿದ್ದ ಮಳೆಯನ್ನೂ ಬರೆದಿಡುವುದಕ್ಕೆ ಒಂದು ನೋಟುಪುಸ್ತಕ ಸಾಕು. ಕೇರಳದಲ್ಲಿ ಆರಂಭವಾದ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮವು ಮರಗಳ ಇಂತಹ ಟಿಪ್ಪಣಿಗಳನ್ನೇ ದೇಶದ ಉದ್ದಗಲಕ್ಕೂ ಸಂಗ್ರಹಿಸುತ್ತಿದೆ. ನಿಮ್ಮದನ್ನೂ ಅಲ್ಲಿಗೆ ಸೇರಿಸಬಹುದು. ಹತ್ತು ವರ್ಷಗಳ ಅನಂತರ ಈ ಸೀಮೆಯ ಮಳೆ ಬದಲಾಯಿತೆ, ಮರಗಳ ಕಾಲ ಜರುಗಿತೆ ಎಂದು ಯಾರಾದರೂ ಕೇಳಿದಾಗ, ಯಂತ್ರವಾಗಲಿ ಮನುಷ್ಯರಾಗಲಿ ಆಧಾರವಾಗಿ ಹಿಡಿಯಬೇಕಾದುದು ಆ ನೋಟುಪುಸ್ತಕವನ್ನೇ.